ಗುಡ್ಡದ ಮೇಲಿನ ಮಕ್ಕಳು ದುಬಾರಿ

ಝೊಂಬಾ, ತಂಗಿಯ ಹಿತ್ತಿಲು

ಬೆಳಿಗ್ಗೆ ಎದ್ದಾಗ ಕರೆಂಟು ಇರಲಿಲ್ಲ. ಮಲಾವಿ ದೇಶಕ್ಕೆ ಬಂದ ಮೇಲೆ ನನಗೆ ಇದರ ರೂಢಿಯಾಗಿತ್ತು. ಆದರೂ ಹಿಂದಿನ ಸಂಜೆ ಮರೆತು ನೀರುದೋಸೆಗೆಂದು ಅಕ್ಕಿ ನೆನೆಹಾಕಿದ್ದೆ. ಮಿಕ್ಸಿ ತಿರುಗದ ಮೇಲೆ ದೋಸೆ ಎಲ್ಲಿಂದ? ನೆನೆದ ಅಕ್ಕಿಯನ್ನು ಬಸಿದು ಇದ್ದಿಲ ಒಲೆಯ ಮೇಲೆ ಗಂಜಿಗಿಟ್ಟೆ. ಊರಿನಿಂದ ಸೀರೆಯೊಳಗೆ ಸುತ್ತಿ ತಂದ ಮಿಡಿ ಉಪ್ಪಿನಕಾಯಿ ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಗಂಜಿ ಬೇಯುವಷ್ಟು ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಸುತ್ತಲಿನ ಮನೆಗಳ ಹೆಂಗಸರು ಅಂಗಳ ಗುಡಿಸುವುದನ್ನು ನೋಡಿದೆ. ದಿನವೂ ನೋಡುತ್ತಿದ್ದೆ. ಇಲ್ಲಿಯವರು ಮನೆಯೆದುರು ಒಂದು ಎಸಳು ಹುಲ್ಲನ್ನೂ ಬೆಳೆಯಲು ಬಿಡುವುದಿಲ್ಲ. ಸೊಂಟ ಬಗ್ಗಿಸಿ, ಒಂದು ಕೈಯನ್ನು ಬೆನ್ನ ಹಿಂದಿಟ್ಟು ಕೆಂಪು ಮಣ್ಣನ್ನು ಗುಡಿಸುತ್ತಾರೆ. ಗುಡಿಸಿದ ಮೇಲೆ ಹಿಡಿಸೂಡಿಯ ಗೆರೆಗಳು ಆಗತಾನೇ ಬಾಚಿದ ತಲೆಯ ಹಾಗೆ ಉಳಿಯುತ್ತವೆ. ನನ್ನ ಅಮ್ಮನೂ ಹೀಗೆಯೇ ಗುಡಿಸುತ್ತಿದ್ದಳು. ಈಗ ನಮ್ಮಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿ ಪೈಪಿನಲ್ಲಿ ನೀರು ಬಿಡುವುದು.

ನಾನು ಬಂಟ್ವಾಳ ತಾಲೂಕಿನ ಮಾಣಿಯವಳು. ಅಂದರೆ ಮದುವೆಯಾಗಿ ಬಂದದ್ದು ಮಾಣಿಗೆ. ಹುಟ್ಟಿದ್ದು ಘಟ್ಟದ ಬುಡದ ನೆರಿಯದಲ್ಲಿ. ಯಜಮಾನರಿಗೆ ಹೆದ್ದಾರಿಯ ಬದಿಯಲ್ಲಿ ಸಣ್ಣದೊಂದು ಹೋಟೆಲಿದೆ. ನನ್ನ ಒಬ್ಬಳೇ ತಂಗಿ ಸುಮ ಆಫ್ರಿಕದ ಈ ಊರಿನಲ್ಲಿ, ಸೊರಗಿದ ಮಕ್ಕಳಿಗೆ ಆಹಾರ ಕೊಡುವ ಒಂದು ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮ ಹೋದ ಮೇಲೆ ಅವಳು ಊರಿಗೆ ಬರುವುದೇ ಕಡಿಮೆಯಾಯಿತು. "ನೀನೇ ಒಮ್ಮೆ ಬಾ" ಎಂದಳು, ಬಂದೆ. ಮನೆ, ಗಂಡ, ಮಹಿಳಾ ಮಂಡಲ ಬಿಟ್ಟು ನಾನು ಸಮುದ್ರ ದಾಟಿದ್ದು ಅದೇ ಮೊದಲು.

ಸುಮ ಎದ್ದು ಬಂದು ಗಂಜಿಯ ಬಟ್ಟಲು ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕುಳಿತಳು. ಉಪ್ಪಿನಕಾಯಿಯನ್ನು ಮುಟ್ಟಲಿಲ್ಲ. ಅವಳಿಗೆ ಮನಸ್ಸು ಸರಿಯಿಲ್ಲದಿದ್ದರೆ ಚಿಕ್ಕಂದಿನಿಂದಲೂ ಹಾಗೆಯೇ, ಸಪ್ಪೆ ತಿನ್ನುತ್ತಾಳೆ.

"ಅಕ್ಕ, ಈ ದಿನ ನೀನು ಮನೆಯಲ್ಲಿ ಇರು."

"ಯಾಕೆ?"

"ಒಂದು ಕೇಂದ್ರ ಮುಚ್ಚಲಿಕ್ಕುಂಟು. ಗುಡ್ಡದ ಮೇಲಿನದ್ದು. ನಾನೇ ಹೋಗಿ ಹೇಳ್ಬೇಕು. ನೋಡ್ಲಿಕ್ಕೆ ಚಂದ ಇರುವುದಿಲ್ಲ."

"ಹಾಗಾದ್ರೆ ನೀನು ಒಬ್ಬಳೇ ಹೋಗುವುದು ಬೇಡ. ನಾನೂ ಬರ್ತೇನೆ. ಹೋಗುವ."

ಅವಳು ಬೇಡವೆನ್ನಲಿಲ್ಲ. ಬೇಡವೆನ್ನುತ್ತಾಳೆಂದು ನಾನೂ ಭಾವಿಸಿರಲಿಲ್ಲ.

ಪೆಟ್ರೋಲ್ ಬಂಕಿನ ಸಾಲು

ಹೊರಟದ್ದು ಹೌದು, ಆದರೆ ಡೀಸೆಲ್ ಇಲ್ಲ. ಡ್ರೈವರ್ ಬಾಂಡ ಬೆಳಕು ಹರಿಯುವ ಮೊದಲೇ ಹೋಗಿ ಜೀಪನ್ನು ಬಂಕಿನ ಸಾಲಿನಲ್ಲಿ ನಿಲ್ಲಿಸಿದ್ದ. ನಾವು ನಡೆದು ಹೋಗಿ ಅದರೊಳಗೆ ಕುಳಿತೆವು. ಎದುರಿನ ಸಾಲು ತಿರುವಿನಾಚೆಗೂ ಹೋಗಿತ್ತು. ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ. ಕೆಲವರು ಕಾರಿನ ಬಾಗಿಲು ತೆರೆದಿಟ್ಟು ಮಲಗಿದ್ದರು. ಒಬ್ಬ ಕನ್ನಡಿ ನೋಡಿಕೊಂಡು ಗಡ್ಡ ಕೆರೆಯುತ್ತಿದ್ದ. ಬೇಯಿಸಿದ ಮೊಟ್ಟೆ ಮಾರುವವಳು ತಲೆಯ ಮೇಲೆ ತಟ್ಟೆ ಹೊತ್ತು, ಜೊತೆಗೆ ಉಪ್ಪಿನ ಚಿಕ್ಕ ಪೊಟ್ಟಣ ಹಿಡಿದು ಒಂದೊಂದೇ ಕಿಟಕಿಗೆ ಬಂದಳು. ನಮ್ಮ ಬಿ.ಸಿ. ರೋಡಿನ ಸರ್ಕಲ್ಲಿನಲ್ಲಿ ಇಂಥ ಸಾಲು ಅರ್ಧ ಗಂಟೆ ನಿಂತರೆ ಏನೇನು ಮಾತು ಕೇಳಬೇಕೋ ಎಂದುಕೊಂಡೆ. ಇಲ್ಲಿ ಕಾಯುವುದೂ ಒಂದು ಮನೆಗೆಲಸದ ಹಾಗೆ, ಸದ್ದಿಲ್ಲದೆ ನಡೆಯುತ್ತದೆ.

"ಯಾಕೆ ಮುಚ್ಚುವುದು?" ಎಂದು ಅಲ್ಲಿ ಕೇಳಿದೆ. ಅದುವರೆಗೆ ಕೇಳಲು ಧೈರ್ಯ ಬಂದಿರಲಿಲ್ಲ.

ಸುಮನ ಕೆಲಸ ಮಕ್ಕಳಿಗೆ ಉಣಿಸುವುದಲ್ಲ. ಉಣಿಸಿದ್ದಕ್ಕೆ ಎಷ್ಟು ಖರ್ಚಾಯಿತು, ಆ ಖರ್ಚಿಗೆ ಎಷ್ಟು ಮಕ್ಕಳು ಗುಣವಾದರು ಎಂದು ನೋಡುವುದು. ಅವಳು ಹೇಳಿದ್ದು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಹೊರದೇಶಗಳಿಂದ ಬರುತ್ತಿದ್ದ ಹಣ ಕಡಿಮೆಯಾಗಿದೆ. ಎಲ್ಲ ಕೇಂದ್ರಗಳನ್ನೂ ನಡೆಸಲು ಆಗುವುದಿಲ್ಲ. ಹಾಗಾಗಿ ಒಂದು ಮಗುವನ್ನು ಬದುಕಿಸಲು ಎಲ್ಲಿ ಖರ್ಚು ಕಡಿಮೆಯೋ ಅಲ್ಲಿ ಇಟ್ಟುಕೊಂಡು, ಹೆಚ್ಚು ಬೀಳುವಲ್ಲಿ ಬಿಡಬೇಕು. ರಸ್ತೆಯ ಬದಿಯಲ್ಲಿ ಕಡಿಮೆ. ಗುಡ್ಡದ ಮೇಲೆ ಹೆಚ್ಚು. ದಾರಿ ದೂರ, ಡೀಸೆಲ್ ಇಲ್ಲ, ಮಳೆಗಾಲದಲ್ಲಿ ಸಾಮಾನು ತಲೆಹೊರೆಯಲ್ಲೇ ಹೋಗಬೇಕು, ಮೇಲಾಗಿ ಅಲ್ಲಿನ ಮಕ್ಕಳು ಗುಣವಾಗಲು ತಡವೂ ಆಗುತ್ತದೆ.

ಹೋಟೆಲಿನವನ ಹೆಂಡತಿಗೆ ಇದು ತಿಳಿಯದ ವಿಷಯವಲ್ಲ. ನಮ್ಮಲ್ಲಿ ಅಡಿಗೆ ಮನೆಗೆ ತಾಗಿದ ಮೇಜುಗಳಿಗೆ ಒಬ್ಬನೇ ಓಡಾಡಿ ಎಲ್ಲರಿಗೂ ಬಡಿಸುತ್ತಾನೆ. ಮಾಳಿಗೆಯ ಕೋಣೆಯವರು ಒಂದು ಚಾ ಕೇಳಿದರೆ ಅದಕ್ಕೆಂದೇ ಒಬ್ಬ ಮೆಟ್ಟಿಲು ಹತ್ತಬೇಕು, ಅಷ್ಟು ಹೊತ್ತು ಕೆಳಗಿನವರು ಕೂಗುತ್ತಾರೆ. ಕೊನೆಗೆ ಯಜಮಾನರು ಮಾಳಿಗೆಗೆ ಚಾ ಕೊಡುವುದನ್ನೇ ನಿಲ್ಲಿಸಿದರು. ಯಾರೂ ಅವರನ್ನು ಕೆಟ್ಟವರೆನ್ನಲಿಲ್ಲ.

"ಆದ್ರೆ ಅದು ಚಾ, ಸುಮ."

"ಗೊತ್ತುಂಟು."

"ಬರೆಯುವಾಗ ಸ್ವಲ್ಪ ಹೆಚ್ಚು ಕಡಿಮೆ ಮಾಡ್ಲಿಕ್ಕೆ ಆಗುವುದಿಲ್ವಾ?"

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ಆಗ್ತದೆ. ಹಾಗೆ ಮಾಡಿ ಮೇಲಿನದ್ದು ಉಳಿಸಿದ್ರೆ ಕೆಳಗೆ ಒಂದು ಮುಚ್ಚಬೇಕಾಗ್ತದೆ. ಅಲ್ಲಿ ಇದಕ್ಕಿಂತ ತುಂಬ ಹೆಚ್ಚು ಮಕ್ಕಳು. ಅವುಗಳ ತಾಯಂದಿರಿಗೆ ಹೋಗಿ ನೀನು ಹೇಳ್ತೀಯಾ ಅಕ್ಕ?"

ನಾನು ಮೊಟ್ಟೆಯ ಸಿಪ್ಪೆ ತೆಗೆಯುತ್ತಿದ್ದೆ. ಉಪ್ಪಿನ ಪೊಟ್ಟಣ ಬಿಚ್ಚಿದೆ.

ರಸ್ತೆ ಬದಿಯ ಕೇಂದ್ರ

ಕೆಳಗಿನ ಕೇಂದ್ರದಲ್ಲಿ ಅರ್ಧ ಗಂಟೆ ನಿಂತೆವು. ಅದು ನಡೆಯುವ ಚಂದವನ್ನು ನಾನು ನೋಡಲಿ ಎಂದು ಸುಮನಿಗೆ ಆಸೆ ಇತ್ತು ಎಂದು ಕಾಣುತ್ತದೆ. ನಿಜಕ್ಕೂ ಚಂದವೇ. ತಾಯಂದಿರು ಹೂವು ಹೂವಿನ ಬಟ್ಟೆಯಲ್ಲಿ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಾಗಿ ಕುಳಿತಿದ್ದರು. ಯಾವ ಸೊಪ್ಪು, ಯಾವ ಕಾಳು ಮಗುವಿಗೆ ಒಳ್ಳೆಯದು ಎಂದು ಒಂದು ಹಾಡು ಕಟ್ಟಿ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಒಬ್ಬ ನರ್ಸು ಪ್ರತಿ ಮಗುವಿನ ತೋಳಿಗೆ ಬಣ್ಣದ ಒಂದು ಪಟ್ಟಿ ಸುತ್ತುತ್ತಿದ್ದಳು. ಪಟ್ಟಿ ಹಸಿರಿನಲ್ಲಿ ನಿಂತರೆ ಚಿಂತೆಯಿಲ್ಲ, ಹಳದಿಯಾದರೆ ಜಾಗ್ರತೆ, ಕೆಂಪಿಗೆ ಬಂದರೆ ಜೀವಕ್ಕೆ ಅಪಾಯ. ಕೆಂಪಿನ ಮಗುವಿಗೆ ನೆಲಗಡಲೆ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿಸಿ ಅರೆದ ಮುದ್ದೆಯ ಪೊಟ್ಟಣ ಕೊಡುತ್ತಾರೆ. ಮೂಲೆ ಹರಿದು ಹೀರಿದರಾಯಿತು. ಬೇಯಿಸುವುದು, ಕಲಸುವುದು ಏನೂ ಇಲ್ಲ.

ನಾನು ಒಂದು ಬೆರಳು ನೆಕ್ಕಿ ನೋಡಿದೆ. ನಮ್ಮ ಕಡೆಯ ಕಡಲೆ ಮಿಠಾಯಿಯನ್ನು ಬಿಸಿಲಿಗಿಟ್ಟು ಕರಗಿಸಿದ ರುಚಿ.

ಇಲ್ಲಿಯ ಹೆಂಗಸರು ಹಿರಿಯರಿಗೆ ನಮಸ್ಕಾರ ಹೇಳುವಾಗ ಮೊಣಕಾಲೂರಿ ಕೂರುತ್ತಾರೆ. ಒಬ್ಬ ಅಜ್ಜಿ, ನನಗಿಂತ ಎಷ್ಟೋ ದೊಡ್ಡವಳು, ನನ್ನ ನರೆತ ಕೂದಲು ನೋಡಿಯೋ ಏನೋ ನನ್ನೆದುರು ಮೊಣಕಾಲೂರಿದಳು. ನನಗೆ ನಾಚಿಕೆಯಾಗಿ ನಾನೂ ಧಡಕ್ಕನೆ ಮೊಣಕಾಲೂರಿದೆ. ಕೂತದ್ದು ಹೌದು, ಏಳಲು ಬರಲಿಲ್ಲ. ನನ್ನ ಗಂಟುನೋವು ಸುಮನಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ನಾನು ಏಳುವುದಿಲ್ಲವಲ್ಲ ಎಂದು ಅವಳೂ ಏಳದೆ ಕಾದಳು. ಇಬ್ಬರೂ ಹಾಗೆಯೇ ಮುಖ ಮುಖ ನೋಡುತ್ತ ಕುಳಿತೆವು. ಕೊನೆಗೆ ಬಾಂಡ ಬಂದು ಕೈ ಕೊಟ್ಟಾಗ ಇಡೀ ಸಾಲು ನಕ್ಕಿತು. ಅಜ್ಜಿಯೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಮಾಣಿಯ ಮರ್ಯಾದೆ ಉಳಿಸಿದಿ," ಎಂದಳು ಸುಮ. ಅಷ್ಟು ದಿನಗಳಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ನಾನು ಕಂಡದ್ದು ಅಲ್ಲಿ ಮಾತ್ರ.

ನಾನು ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾನ್ವೆಂಟ್ ಶಾಲೆಗೆ ಹೋಗುತ್ತಿದ್ದಾಗ, ತರಗತಿಯ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಆಫ್ರಿಕದ ಹಸಿದ ಮಕ್ಕಳಿಗೆಂದು ನಾವು ಅದಕ್ಕೆ ಪುಡಿಕಾಸು ಹಾಕಬೇಕು. ಸಿಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಸುತ್ತಿದ್ದರು. ಆ ಮಕ್ಕಳು ಎಲ್ಲಿದ್ದಾರೆ, ರಸ್ತೆಯಿಂದ ಎಷ್ಟು ದೂರ ಎಂದು ನಮಗೆ ಯಾರಿಗೂ ಕೇಳಬೇಕೆಂದು ತೋಚಿರಲಿಲ್ಲ. ಹಸಿದ ಮಕ್ಕಳೆಂದರೆ ಎಲ್ಲರೂ ಒಂದೇ ಕಡೆ ಇರುತ್ತಾರೆಂದು ತಿಳಿದಿದ್ದೆ.

ಗುಡ್ಡದ ದಾರಿ

ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಜೀಪು ಕೆಸರಿನಲ್ಲಿ ಒಂದು ಮಗ್ಗುಲಿಗೆ ಜಾರಿ ನಿಂತಿತು. ಬಾಂಡ ಇಳಿದು ಚಕ್ರಗಳ ಸುತ್ತ ನೋಡಿ, "ಇನ್ನು ಇದು ಬರುವುದಿಲ್ಲ ಮೇಡಂ, ನಾವೇ ಬರಬೇಕು," ಎಂದ. ಅವನು ಮಾತಾಡುವ ಇಂಗ್ಲಿಷು ಮೆತ್ತಗೆ, ಪ್ರತಿ ಶಬ್ದವನ್ನೂ ಒರೆಸಿ ಇಟ್ಟ ಹಾಗೆ.

ನಡೆಯತೊಡಗಿದೆವು. ಎರಡೂ ಕಡೆ ಮುಸುಕಿನ ಜೋಳ ಆಳೆತ್ತರ ಬೆಳೆದಿತ್ತು. ಕಣ್ಣು ಹಾಯುವವರೆಗೆ ಹಸಿರು. ಇಷ್ಟು ಹಸಿರಿನ ಊರಿನಲ್ಲಿ ಮಕ್ಕಳು ಹಸಿಯುವುದು ಹೇಗೆ ಎಂದು ಬಂದ ಹೊಸತರಲ್ಲಿ ನಾನು ಸುಮನನ್ನು ಕೇಳಿದ್ದೆ. "ನಿನಗೆ ಆಟಿ ಗೊತ್ತಿಲ್ವಾ?" ಎಂದು ಅವಳು ತಿರುಗಿ ಕೇಳಿದ್ದಳು.

ಆಟಿ ತುಳುವರ ಮಳೆಗಾಲದ ತಿಂಗಳು. ಹಳೆಯ ಭತ್ತ ಮುಗಿದು, ಹೊಸದು ಇನ್ನೂ ಗದ್ದೆಯಲ್ಲಿ ಹಸಿರಾಗಿ ನಿಂತಿರುವ ತಿಂಗಳು. ನನ್ನ ಅಜ್ಜಿಯ ಕಾಲದಲ್ಲಿ ಆಗ ಕೆಸು, ತಗತೆ ಸೊಪ್ಪು, ಹಲಸಿನ ಬೀಜ ತಿಂದು ದಿನ ದೂಡುತ್ತಿದ್ದರಂತೆ. ಇಲ್ಲಿಯದೂ ಅದೇ ಕತೆ. ಹೊಲ ತುಂಬಿದೆ, ತೆನೆ ಬಲಿತಿಲ್ಲ, ಮನೆಯ ಕಣಜ ಬರಿದು. ಈಗ ನಮ್ಮಲ್ಲಿ ಆಟಿಯೆಂದರೆ ಕಲ್ಯಾಣಮಂಟಪದಲ್ಲಿ ಒಂದು ಕೂಟ. ನಾವು ಮಹಿಳಾ ಮಂಡಲದವರು ಒಂದೇ ಬಣ್ಣದ ಸೀರೆ ಉಟ್ಟು, ಸ್ಟೀಲಿನ ಪಾತ್ರೆಗಳಲ್ಲಿ ಸಾಲಾಗಿ ಕೆಸುವಿನೆಲೆಯ ಪತ್ರೊಡೆ, ತಗತೆ ಪಲ್ಯ, ಹಲಸಿನ ಬೀಜದ ಚಟ್ನಿ ಇಟ್ಟು, ತಟ್ಟೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಕಳೆದ ವರ್ಷ ಉಳಿದ ಪತ್ರೊಡೆಯನ್ನು ಹಂಚಿದ್ದು ನಾನೇ, ಯಾರಿಗೂ ಬೇಡವಾಗಿತ್ತು.

ಗುಡ್ಡದ ಅರ್ಧದಲ್ಲಿ ಒಂದು ತೊರೆ ಇತ್ತು. ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ನನಗೆ ನೆರಿಯದ ನೆನಪಾಗದೆ ಇರುತ್ತದೆಯೇ? ನಾನೂ ಸುಮನೂ ಕಾನ್ವೆಂಟಿಗೆ ಹೋಗುವ ಮೊದಲು ಅಲ್ಲಿಯ ಶಾಲೆಯಲ್ಲಿ ಮಧ್ಯಾಹ್ನ ಗೋಧಿ ನುಚ್ಚಿನ ಸಜ್ಜಿಗೆ ಕೊಡುತ್ತಿದ್ದರು. ಮಳೆಗಾಲದಲ್ಲಿ ಹಳ್ಳಕ್ಕೆ ಅಡ್ಡ ಹಾಕಿದ ಅಡಕೆ ಮರದ ಸಂಕದ ಮೇಲೆ ನುಚ್ಚಿನ ಚೀಲ ಹೊತ್ತು ತರಬೇಕು. ನಮ್ಮ ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ನನ್ನ ಜೊತೆ ಕೂರುತ್ತಿದ್ದ ಕೆಲವು ಮಕ್ಕಳಿಗೆ ದಿನಕ್ಕೆ ಅದೊಂದೇ. ಆ ಚೀಲ ನೆರಿಯಕ್ಕೆ ಬರಲು ಎಷ್ಟು ದುಬಾರಿಯಾಗುತ್ತಿತ್ತೆಂದು ಅಂದು ಎಲ್ಲಾದರೂ ಒಂದು ಕೋಣೆಯಲ್ಲಿ ಯಾರಾದರೂ ಕುಳಿತು ನೋಡಿದ್ದರೆ?

ಇದನ್ನು ಸುಮನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ತೊರೆಯ ಆಚೆ ನಿಂತು ನನಗೆ ಕೈ ನೀಡಿದ್ದಳು. ಅವಳ ಮುಖ ನೋಡಿದರೆ ಅವಳಿಗೂ ಅದೇ ಸಜ್ಜಿಗೆ ನೆನಪಾಗಿದೆ ಎಂದು ತಿಳಿಯಿತು. ಅವಳ ಕೈ ಹಿಡಿದು ದಾಟಿದೆ.

ಮಾವಿನ ಮರದ ಕೆಳಗೆ

ಗುಡ್ಡದ ಕೇಂದ್ರವೆಂದರೆ ಕಟ್ಟಡವಲ್ಲ. ದೊಡ್ಡದೊಂದು ಮಾವಿನ ಮರ, ಅದರ ಕೆಳಗೆ ಒಂದು ಬೆಂಚು, ತೂಕದ ಬುಟ್ಟಿ ತೂಗಿಸುವ ಕೊಂಬೆ. ನೆಲವನ್ನು ನಾವು ಬರುತ್ತೇವೆಂದು ಗುಡಿಸಿ ನೀರು ಚಿಮುಕಿಸಿದ್ದರು. ಕೇಂದ್ರವನ್ನು ನೋಡಿಕೊಳ್ಳುವವಳು ಮಿಸೆಸ್ ಫಿರಿ, ಊರಿನದೇ ಹೆಂಗಸು, ಸುಮನನ್ನು ತಬ್ಬಿಕೊಂಡಳು. ತಾಯಂದಿರು ನಮ್ಮನ್ನು ನೋಡಿ ಎದ್ದು ನಿಂತು, ಮತ್ತೆ ಮೊಣಕಾಲೂರಿದರು.

ಕೆಂಪಿನಲ್ಲಿ ಇದ್ದದ್ದು ಒಂದೇ ಮಗು. ಹೆಸರು ಚಿಸೊಮೊ. ಹಾಗೆಂದರೆ ದೇವರ ಕೃಪೆ ಎಂದು ಬಾಂಡ ಹೇಳಿದ. ಎರಡು ವರ್ಷದ ಹೆಣ್ಣು ಮಗು. ಕೂದಲು ಜೋಳದ ತೆನೆಯ ಎಳೆಗಳ ಬಣ್ಣ. ಮಣಿಕಟ್ಟಿಗೆ ಕಟ್ಟಿದ್ದ ಮಣಿಯ ದಾರ ಜಾರಿ ಜಾರಿ ಕಂಕುಳ ಹತ್ತಿರ ನಿಂತಿತ್ತು. ನನ್ನ ಮಗಳಿಗೆ ಆ ವಯಸ್ಸಿನಲ್ಲಿ ಕೈಯಿಂದ ಕರಿಬಳೆ ತೆಗೆಯಲು ಸೋಪು ಹಚ್ಚಬೇಕಾಗಿತ್ತು. ಸುಮ ಹಸಿವಿಗೆ ಬಾತುಹೋದ ಅದರ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಅಲ್ಲೊಂದು ಗುಳಿ ಉಳಿಯಿತು.

"ಮೊದಲು ಬಂದಾಗ ಕಣ್ಣು ಬಿಡ್ತಿರಲಿಲ್ಲ," ಎಂದಳು. "ಈಗ ನೋಡು, ನಿನ್ನನ್ನೇ ನೋಡ್ತದೆ. ಇನ್ನೊಂದು ತಿಂಗಳು ಸರಿಯಾಗಿ ತಿಂದ್ರೆ ಬಚಾವ್."

"ತಿನ್ನದಿದ್ರೆ?"

ಸುಮ ತೋಳಿನ ಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದಳು.

ಮಗು ಅಳಲಿಲ್ಲ. ಬಂದಾಗಿನಿಂದ ಒಮ್ಮೆಯೂ ಅಳಲಿಲ್ಲ. ತಾಯಿ ತೆಳ್ಳಗಿನ ಹುಡುಗಿ, ಹೊಟ್ಟೆಯಲ್ಲಿ ಇನ್ನೊಂದು ಮಗು. ಬೇರೆಯವರ ಹೊಲದಲ್ಲಿ ಕಳೆ ಕಿತ್ತರೆ ಸಂಜೆಗೆ ಜೋಳದ ಹಿಟ್ಟು ಸಿಗುತ್ತದೆ. ಕೆಳಗಿನ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಇಡೀ ದಿನ. ಆ ದಿನ ಹಿಟ್ಟಿಲ್ಲ. ತೊರೆ ತುಂಬಿದರೆ ಹೋಗುವ ಮಾತೇ ಇಲ್ಲ.

ಹೇಳುವ ಮೊದಲು ಊಟ ಮಾಡಲೇಬೇಕೆಂದು ಮಿಸೆಸ್ ಫಿರಿ ಹಟ ಹಿಡಿದಳು. ಒಬ್ಬಳು ಚೊಂಬಿನಿಂದ ನಮ್ಮ ಕೈಗಳಿಗೆ ನೀರು ಹೊಯ್ದಳು, ಕೆಳಗೆ ಬೋಗುಣಿ ಹಿಡಿದು. ಜೋಳದ ಹಿಟ್ಟಿನ ಬಿಳಿ ಮುದ್ದೆ, ಕುಂಬಳ ಚಿಗುರಿನ ಪಲ್ಯ, ಅತಿಥಿಗಳಿಗೆಂದು ಒಂದೊಂದು ಮೊಟ್ಟೆ. ಮಕ್ಕಳು ದೂರದಲ್ಲಿ, ನಮಗೆ ಬೆನ್ನು ಹಾಕಿ ಕುಳಿತಿದ್ದವು. ಅತಿಥಿಗಳು ಉಣ್ಣುವಾಗ ನೋಡಬಾರದೆಂದು ಅವಕ್ಕೆ ಹೇಳಿಕೊಟ್ಟಿದ್ದಾರೆ. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ, ಬಂದವರ ತಟ್ಟೆಗೆ ಕಣ್ಣು ಹಾಕಿದರೆ ಅಮ್ಮ ತೊಡೆ ಚಿವುಟುತ್ತಿದ್ದಳು.

"ನನಗೆ ಇಳಿಯುವುದಿಲ್ಲ ಸುಮ," ಎಂದು ತುಳುವಿನಲ್ಲಿ ಹೇಳಿದೆ.

"ತಿನ್ನು ಅಕ್ಕ. ಬಿಟ್ರೆ ಅವರಿಗೆ ಬೇಜಾರಾಗ್ತದೆ."

ತಿಂದೆ. ಅವರ ಮಕ್ಕಳ ಊಟ ನಿಲ್ಲಿಸಲು ಬಂದವರು ನಾವು, ಅವರ ಮೊಟ್ಟೆಯನ್ನು ಕೊನೆಯ ಚೂರಿನವರೆಗೆ ತಿಂದೆವು.

ಆಮೇಲೆ ಸುಮ ಎದ್ದು ನಿಂತು ಅವರ ಭಾಷೆಯಲ್ಲಿ ಹೇಳಿದಳು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ಯಾವಾಗ ತಿಳಿಸಿದಳೆಂದು ಗೊತ್ತಾಯಿತು. ಮಿಸೆಸ್ ಫಿರಿಯ ಕೈ ತೂಕದ ಬುಟ್ಟಿಯ ಹಗ್ಗವನ್ನು ಹಿಡಿದುಕೊಂಡಿತು. ಹೆಂಗಸರಲ್ಲಿ ಯಾರೂ ಗೋಳಿಡಲಿಲ್ಲ, ಜಗಳ ತೆಗೆಯಲಿಲ್ಲ. ಜಗಳ ತೆಗೆದಿದ್ದರೆ ಎಷ್ಟೋ ಒಳ್ಳೆಯದಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಅಂಗೈಗಳನ್ನು ಬೊಗಸೆಯ ಹಾಗೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಮತ್ತೆ ಎಲ್ಲರೂ ತಟ್ಟಿದರು. "ಝಿಕೋಮೊ, ಝಿಕೋಮೊ." ಇಷ್ಟು ದಿನ ಕೊಟ್ಟದ್ದಕ್ಕೆ ಉಪಕಾರವಾಯಿತು ಎಂದು.

ಸುಮ ಇತ್ತ ತಿರುಗಿ ಮರದ ಹಿಂದೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಗುಡ್ಡದಲ್ಲಿ ಉಳಿದಿದ್ದ ಪೊಟ್ಟಣಗಳೆಲ್ಲ ಅದರಲ್ಲಿದ್ದವು. ಅದನ್ನು ಕೆಳಗೆ ಒಯ್ಯಬೇಕೆಂದು ನಿಯಮ. ತಾಯಂದಿರಿಗೆ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಕೊಡಬೇಕೆಂಬುದು ಇನ್ನೊಂದು ನಿಯಮ. ಸುಮ ಚಿಕ್ಕಂದಿನಿಂದ ನಿಯಮ ಮೀರಿದವಳಲ್ಲ. ಕಾನ್ವೆಂಟಿನಲ್ಲಿ ಸಾಲು ತಪ್ಪಿ ನಿಂತದ್ದಕ್ಕೂ ಅವಳಿಗೆ ಪೆಟ್ಟು ಬಿದ್ದದ್ದಿಲ್ಲ. ಆ ಪೆಟ್ಟಿಗೆಯನ್ನು ಅವಳು ನೇರ ಚಿಸೊಮೊಳ ತಾಯಿಯ ಕೈಗೆ ಕೊಟ್ಟಳು.

"ಎಲ್ಲ ಅದಕ್ಕೇ?" ಎಂದು ಕೇಳಿದೆ.

"ಎಲ್ಲ. ಒಂದು ತಿಂಗಳಿಗೆ ಸಾಕು. ಹಾಳಾಯಿತು ಅಂತ ಬರೀತೇನೆ. ಏನು ಬೇಕಾದ್ರೂ ಹೇಳಲಿ."

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ. ಮುಚ್ಚುವುದು ಮುಚ್ಚಲಿ, ಈ ಒಂದು ಮಗು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ತಾಯಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೊಣಕಾಲೂರಿ ತಲೆ ಬಾಗಿದಳು. ಎದ್ದು ಮನೆಯ ಕಡೆ ಹೊರಡುತ್ತಾಳೆ ಎಂದುಕೊಂಡೆವು. ಅವಳು ಹೊರಡಲಿಲ್ಲ. ಪೆಟ್ಟಿಗೆಯನ್ನು ಗುಡಿಸಿದ ನೆಲದ ನಡುವೆ ಇಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುಚ್ಚಳ ಬಿಚ್ಚಿದಳು. ಯಾರನ್ನೂ ಕರೆಯಲಿಲ್ಲ. ಹೆಂಗಸರೇ ಬಂದು ಸುತ್ತ ಕುಳಿತರು, ನೂಕದೆ, ಅವಸರವಿಲ್ಲದೆ. ಅವಳು ಒಬ್ಬೊಬ್ಬರ ಬೊಗಸೆಗೂ ಪೊಟ್ಟಣ ಇಡುತ್ತ ಹೋದಳು.

ಸುಮ ಮುಂದೆ ಹೋಗಿ ಏನೋ ಹೇಳಿದಳು. ಚಿಸೊಮೊಳನ್ನು ತೋರಿಸಿದಳು, ಪಾದವನ್ನು ತೋರಿಸಿದಳು. ಅವಳ ಧ್ವನಿ ಏರಿತು. ಅದನ್ನು ಕೇಳಿ ದೂರದ ಮಕ್ಕಳು ತಿರುಗಿ ನೋಡಿದವು. ತಾಯಿ ಮುಗುಳ್ನಕ್ಕು ಹೌದು ಹೌದೆಂದು ತಲೆಯಾಡಿಸುತ್ತಲೇ ಇದ್ದಳು, ಕೈ ಹಂಚುತ್ತಲೇ ಇತ್ತು. ಮಿಸೆಸ್ ಫಿರಿ ನೆಲ ನೋಡಿದಳು. ಕೊನೆಗೆ ಪೆಟ್ಟಿಗೆಯಲ್ಲಿ ಉಳಿದದ್ದು ಬೇರೆ ಒಬ್ಬೊಬ್ಬರಿಗೆ ಕೊಟ್ಟಷ್ಟೇ. ಒಂದೂ ಹೆಚ್ಚಿಲ್ಲ. ಅದನ್ನು ತಾಯಿ ಬಟ್ಟೆಯ ತುದಿಯಲ್ಲಿ ಕಟ್ಟಿಕೊಂಡಳು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ನಮ್ಮಲ್ಲಿ ಒಂದು ಹಲಸು ಕೊಯ್ದರೆ ಸುತ್ತಲಿನ ಮನೆಗಳಿಗೆಲ್ಲ ಬಾಳೆಲೆಯಲ್ಲಿ ಸೊಳೆ ಕಳಿಸದೆ ನಾವು ಬಾಯಿಗಿಟ್ಟವರಲ್ಲ. ಎಲ್ಲರ ಕಣ್ಣೆದುರು ಬಂದ ತುತ್ತನ್ನು ಒಬ್ಬಳೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗು ಎಂದು ನನಗೆ ಯಾರಾದರೂ ಹೇಳಿದ್ದರೆ ನನ್ನ ಕಾಲೂ ಏಳುತ್ತಿರಲಿಲ್ಲ. ಆದರೆ ನನ್ನ ಮಗಳ ಪಾದದಲ್ಲಿ ಆ ಗುಳಿ ಇರಲಿಲ್ಲ.

ಇಳಿಯುವಾಗ

ತೊರೆಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಬಾಂಡ ಅದನ್ನು ಬಾಳೆನಾರಿನಿಂದ ಕಟ್ಟಿಕೊಡುತ್ತ, ತಲೆ ಎತ್ತದೆ ಹೇಳಿದ: "ಮೇಡಂ, ನೀವು ಅವಳಿಗೆ ಒಂದು ತಿಂಗಳಿಗೆ ಕೊಟ್ಟಿರಿ. ಅವಳಿಗೆ ಹೆರಿಗೆ ಉಂಟು, ಮಳೆ ಉಂಟು. ಆ ಹೆಂಗಸರು ಅವಳಿಗೆ ವರ್ಷವಿಡೀ ಬೇಕು."

"ಗೊತ್ತು ಬಾಂಡ," ಎಂದಳು ಸುಮ.

ದಾರಿಹೋಕರು ದೂಡಿ ಕೆಸರಿನಿಂದ ಎಬ್ಬಿಸಿದ ಜೀಪಿನಲ್ಲಿ ಕುಳಿತ ಮೇಲೆ ನನ್ನೊಡನೆ ತುಳುವಿನಲ್ಲಿ ಮಾತಾಡಿದಳು. "ಪ್ರತಿ ವಾರವೂ ಹೀಗೇ ಆಗ್ತಿತ್ತು ಅಕ್ಕ. ಒಂದು ಮಗುವಿಗೆ ಕೊಟ್ಟದ್ದು ಎಲ್ಲ ಮಕ್ಕಳ ಬಾಯಿಗೆ. ಅದಕ್ಕೇ ಗುಣ ಆಗ್ಲಿಕ್ಕೆ ತಡ. ತಡ ಆದದ್ದಕ್ಕೇ ಖರ್ಚು ಜಾಸ್ತಿ. ಖರ್ಚು ಜಾಸ್ತಿ ಆದದ್ದಕ್ಕೇ ಮುಚ್ಚಿದ್ದು."

"ಬೇರೆ ಮಕ್ಕಳಿಗೂ ಹೊಟ್ಟೆ ಉಂಟಲ್ಲ."

"ಉಂಟು. ಆ ಹೊಟ್ಟೆಗೆ ನನ್ನ ಕಾಗದದಲ್ಲಿ ಜಾಗ ಇಲ್ಲ. ಕೆಂಪಿಗೆ ಬಂದ ಮೇಲೆ ಮಾತ್ರ."

ಕೆಳಗಿನ ಕೇಂದ್ರ ದಾಟುವಾಗ ಅಲ್ಲಿ ಯಾರೂ ಇರಲಿಲ್ಲ. ತಾಯಂದಿರು ಮನೆಗೆ ಹೋಗಿಯಾಗಿತ್ತು. ಸುಮ ಅತ್ತ ನೋಡಲೂ ಇಲ್ಲ.

"ಚಿಸೊಮೊಗೆ ಏನಾಗ್ತದೆ?"

"ಕೇಳ್ಬೇಡ ಅಕ್ಕ."

"ಮುಂದಿನ ವಾರ ನಾವೇ ಹೋಗುವ. ನನ್ನ ದುಡ್ಡಿನಲ್ಲಿ ಡೀಸೆಲ್ ಹಾಕುವ."

"ನೀನು ಹೋದ ಮೇಲೆ? ಅದರ ಮರುವಾರ ನಿನ್ನ ವಿಮಾನ ಅಲ್ವಾ? ಮತ್ತೆ ಆಚೆಯ ಗುಡ್ಡಕ್ಕೆ ಯಾರು ಹೋಗುವುದು? ಅದನ್ನು ಮೊದಲೇ ಮುಚ್ಚಿಯಾಗಿದೆ. ಅಲ್ಲಿಯೂ ಒಂದು ಮಗು ಇತ್ತು." ಅವಳು ಕಿಟಕಿಯ ಗಾಜು ಏರಿಸಿದಳು. "ಅದರ ಹೆಸರು ನನಗೆ ಈಗ ನೆನಪಾಗುವುದಿಲ್ಲ. ಅದೇ ನನಗೆ ಹೆದರಿಕೆ."

ಮತ್ತೆ ಝೊಂಬಾ

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಊರಿನಲ್ಲಾದರೆ ಆಗಲೇ ರಾತ್ರಿ ಊಟದ ಹೊತ್ತು ಕಳೆದಿತ್ತು. ಕರೆಂಟು ಬಂದಿತ್ತು. ಸುಮ ಸ್ನಾನಕ್ಕೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ನಾನು ಕೆಸರಿನ ಚಪ್ಪಲಿಯನ್ನು ಮೆಟ್ಟಿಲ ಬಳಿ ತೊಳೆಯುತ್ತಿದ್ದಾಗ ಫೋನ್ ಬಡಿಯಿತು. ಮಾಣಿಯಿಂದ, ನಮ್ಮ ಪಕ್ಕದ ಮನೆಯ ಜಯಂತಿಯಕ್ಕ. ನಾನಿಲ್ಲದಾಗ ಯಜಮಾನರಿಗೆ ಸಾಂಬಾರು ಕಳಿಸುವುದೂ, ನನಗೆ ಊರಿನ ಸುದ್ದಿ ಕೊಡುವುದೂ ಅವರೇ.

"ಶಶಿ, ಹೇಗಿದ್ದಿ ಮಾರಾಯ್ತಿ? ಎಲ್ಲಿಗೆ ಹೋಗಿದ್ದಿ ಇವತ್ತು?"

"ಒಂದು ಗುಡ್ಡಕ್ಕೆ, ಜಯಂತಿಯಕ್ಕ."

"ಒಳ್ಳೆಯದಾಯ್ತು. ನೋಡುವುದೆಲ್ಲ ನೋಡಿ ಬಾ. ನಿಮ್ಮ ಹಿತ್ತಿಲಿನ ಬಾಳೆಗೊನೆ ಹಣ್ಣಾಗ್ಲಿಕ್ಕೆ ಬಂತು, ಕಡಿಸಿ ಇಡ್ಲಾ?"

"ಕಡಿಸಿ. ನಿಮ್ಮ ಪುಳ್ಳಿ ಹೇಗಿದ್ದಾನೆ?" ಎಂದು ಅವರ ಮೊಮ್ಮಗನನ್ನು ವಿಚಾರಿಸಿದೆ. ಮಗುವೊಂದರ ಸುದ್ದಿ ಕೇಳಬೇಕೆನಿಸಿತ್ತು.

"ಅವನಿಗೇನು, ಗುಂಡುಕಲ್ಲು. ಎತ್ತಿಕೊಂಡ್ರೆ ಸೊಂಟ ಹಿಡಿಯುತ್ತದೆ. ಅಂಗನವಾಡಿ ಟೀಚರು ಪಾಪ ಮನೆ ಬಾಗಿಲಿಗೇ ಬಂದು ಅವನ ಪಾಲಿನ ಪೌಷ್ಟಿಕ ಹಿಟ್ಟು ಕೊಟ್ಟು ಹೋಗ್ತಾರೆ. ಬೇಡ ಅನ್ನುವುದು ಹೇಗೆ? ಅವನು ಮೂಸಿಯೂ ನೋಡುವುದಿಲ್ಲ. ನಾನು ದನದ ಅಕ್ಕಚ್ಚಿಗೆ ಕಲಸಿ ಹಾಕ್ತೇನೆ. ಈಗ ಹಾಲು ಸ್ವಲ್ಪ ಜಾಸ್ತಿಯೇ ಕೊಡ್ತದೆ ಮಾರಾಯ್ತಿ."